ಫರ್ಸ್ಟ್ ನೇಮ್ ಅನ್‌ನೋನ್: ಪಿಎಚ್‌ಡಿ ಗಂಡನ ಜತೆ ಅಮೆರಿಕಕ್ಕೆ ಹೊರಟವರಿಗೊಂದು ಮಾರ್ಗದರ್ಶಿ

ಈ ಸಲ ಬೇಸಿಗೆಗೆ ಬಾಗಲಕೋಟೆಗೆ ಬಂದಾಗ ನವನಗರದ ನಮ್ಮ ಮನೆಗೆ ಪಕ್ಕದ ಸೆಕ್ಟರಿನ ಹುಡುಗಿಯೊಬ್ಬಳು ಬಂದಿದ್ದಳು. ಮದುವೆಯಾಗಿ ಎರಡು ತಿಂಗಳು. ಗಂಡ ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. "ಅಕ್ಕಾ, ಏನೇನ್ ಒಯ್ಬೇಕು ಹೇಳ್ರಿ. ರೊಟ್ಟಿ ಹಂಚು ಒಯ್ಲಿ ಏನ್ ಬ್ಯಾಡ?" ಅಂದಳು.

"ಹಂಚಿನ ಮಾತು ಆಮ್ಯಾಲೆ. ಮೊದಲ ಪಾಸ್‌ಪೋರ್ಟ್ ತೋರ್ಸು" ಅಂದೆ.

ಅದಕ್ಕೊಂದು ಕಾರಣವಿದೆ. ನಾನು ಹೋದದ್ದು 2022ರ ಆಗಸ್ಟ್‌ನಲ್ಲಿ, ಕನ್ಸಾಸ್ ರಾಜ್ಯದ ಒಂದು ಯುನಿವರ್ಸಿಟಿ ಊರಿಗೆ. ಹೋಗಿ ಇನ್ನೂ ವಾರವಾಗಿರಲಿಲ್ಲ. ಲೈಬ್ರರಿಯಲ್ಲಿ ಕಾರ್ಡು ಮಾಡಿಸಲು ನಿಂತಿದ್ದೆ. ಕೌಂಟರಿನ ಹುಡುಗಿ ನನ್ನ ಕಾಗದ ನೋಡಿ, ನಕ್ಕು, "ಹಲೋ ಫನೂ" ಅಂದಳು. ಯಾರನ್ನೋ ಕರೆಯುತ್ತಿದ್ದಾಳೆ ಅಂತ ಹಿಂದೆ ತಿರುಗಿ ನೋಡಿದೆ. ಆಮೇಲೆ ಗೊತ್ತಾಯಿತು, ಫನೂ ಅಂದರೆ ನಾನೇ. ವೀಸಾದಲ್ಲಿ ನನ್ನ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚಾಗಿತ್ತು. ಫರ್ಸ್ಟ್ ನೇಮ್ ಅನ್‌ನೋನ್. ಅಂದರೆ ಹೆಸರು ಗೊತ್ತಿಲ್ಲ. ಅದರ ಪಕ್ಕದಲ್ಲೇ ವೀಸಾ ಬಗೆ: ಎಫ್-2, ಡಿಪೆಂಡೆಂಟ್. ಅಂದರೆ ವಿದ್ಯಾರ್ಥಿಯ ಅವಲಂಬಿತೆ.

ಆರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಒಂದು ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಹೆಸರೂ ಇಲ್ಲ, ಕೆಲಸವೂ ಇಲ್ಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನಾನು ಹೇಳುವುದೆಲ್ಲ ಒಂದೇ ಕಡೆ ಹೋಗುತ್ತದೆ: ಗಂಡನ ಕಾಗದಗಳ ಬಾಲವಾಗಿ ಹೋದರೂ ಆದಷ್ಟು ಬೇಗ ನಿಮ್ಮ ಹೆಸರಿನಲ್ಲಿ ನಾಲ್ಕು ಕಾಗದ ಮಾಡಿಕೊಳ್ಳಿ. ಹೆಂಡತಿ ಓದಲು ಹೋಗಿ ಗಂಡ ಜತೆಗೆ ಹೋಗುವುದೂ ಈಗ ಇದೆ. ಅವರಿಗೂ ನಿಯಮ ಇದೇ.

ಹೆಜ್ಜೆ 1: ಪಾಸ್‌ಪೋರ್ಟಿನ ಹೆಸರು ಸರಿಮಾಡಿಸಿ

ಪಾಸ್‌ಪೋರ್ಟಿನಲ್ಲಿ ಎರಡು ಸಾಲು ಇರುತ್ತವೆ. ಒಂದು ಸರ್‌ನೇಮ್, ಇನ್ನೊಂದು ಗಿವನ್ ನೇಮ್. ನಮ್ಮ ಕಡೆ ಎಲ್ಲರಿಗೂ ಅಡ್ಡಹೆಸರು ಇದ್ದೇ ಇದೆ. ಆದರೂ ಅರ್ಜಿ ತುಂಬುವಾಗ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಒಂದೇ ಸಾಲಿನಲ್ಲಿ ತುರುಕಿದ್ದರು. ಸರ್‌ನೇಮ್ ಸಾಲು ಖಾಲಿ. ಹೀಗೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಮೂರೂ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಬ್ಯಾಂಕು, ಲೈಸೆನ್ಸು, ಆಸ್ಪತ್ರೆ ಚೀಟಿ ಎಲ್ಲ ಕಡೆ ಅದೇ.

ವೀಸಾ ಅರ್ಜಿಗೆ ಕೈ ಹಾಕುವ ಮೊದಲೇ ಪಾಸ್‌ಪೋರ್ಟನ್ನು ರೀ-ಇಶ್ಯೂಗೆ ಹಾಕಿ ಹೆಸರನ್ನು ಎರಡು ಸಾಲಿಗೆ ಬಿಡಿಸಿ. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಬೆಳಗಾವಿಯ ಅಂಚೆ ಕಚೇರಿಯಲ್ಲೂ ಕೇಂದ್ರ ಇದೆ. ಮದುವೆಯಾದ ಮೇಲೆ ಗಂಡನ ಅಡ್ಡಹೆಸರು ಹಚ್ಚಿಕೊಳ್ಳಬೇಕು ಅಂತ ಮನೆಯ ಹಿರಿಯರು ಹೇಳಬಹುದು. ವೀಸಾಕ್ಕೆ ಅದು ಬೇಕಿಲ್ಲ. ನಿಮ್ಮ ಡಿಗ್ರಿ ಸರ್ಟಿಫಿಕೇಟು, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್ ಇರುವುದು ಮುಖ್ಯ. ಹೆಸರು ಬದಲಿಸುವುದಾದರೆ ಎಲ್ಲದರಲ್ಲೂ ಬದಲಿಸಿ. ಅರ್ಧ ಅರ್ಧ ಮಾತ್ರ ಬೇಡ.

ಹೆಜ್ಜೆ 2: ವೀಸಾ ಕಾಗದ

ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಪ್ರಮಾಣಪತ್ರ ಪಡೆಯಿರಿ. ಲಗ್ನಪತ್ರಿಕೆ ಮತ್ತು ಒಂದು ಹತ್ತು ಫೋಟೋ ಜತೆಗಿರಲಿ. ಇಡೀ ಆಲ್ಬಮ್ ಹೊತ್ತುಕೊಂಡು ಹೋಗಬೇಡಿ.

ನಿಮ್ಮ ಯಜಮಾನರ ಯುನಿವರ್ಸಿಟಿ ನಿಮಗೂ ಒಂದು ಬೇರೆ ಐ-20, ಅಂದರೆ ವೀಸಾಕ್ಕೆ ಬೇಕಾದ ಅರ್ಹತಾ ಪತ್ರ, ಕೊಡಬೇಕು. ಅವರದರಲ್ಲೇ ನಿಮ್ಮ ಹೆಸರು ಸೇರಿಸಿದರೆ ಆಯಿತು ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಅದಕ್ಕಾಗಿ ನಿಮ್ಮ ಖರ್ಚಿಗೂ ದುಡ್ಡಿದೆ ಅಂತ ತೋರಿಸಬೇಕು. ವರ್ಷಕ್ಕೆ ಕೆಲವು ಸಾವಿರ ಡಾಲರ್, ಎಷ್ಟು ಅನ್ನುವುದನ್ನು ಆಯಾ ಯುನಿವರ್ಸಿಟಿ ಹೇಳುತ್ತದೆ. ಸ್ಟೈಪೆಂಡ್ ಸಾಲದಿದ್ದರೆ ಅಪ್ಪನದೋ ಮಾವನದೋ ಬ್ಯಾಂಕ್ ಬ್ಯಾಲೆನ್ಸ್ ತೋರಿಸಬಹುದು. ಐ-20 ಬಂದ ಮೇಲೆ ಡಿಎಸ್-160 ಅನ್ನುವ ವೀಸಾ ಅರ್ಜಿ. ಶುಲ್ಕ 185 ಡಾಲರ್. ವಿದ್ಯಾರ್ಥಿ ಕಟ್ಟುವ 350 ಡಾಲರಿನ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ ಎಫ್-2ಗೆ ಇಲ್ಲ. ಏಜೆಂಟರು ಅದನ್ನೂ ಸೇರಿಸಿ ಲೆಕ್ಕ ಕೊಟ್ಟರೆ ಕೇಳಿ.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಕೆಲಸ ಅದರ ಜತೆಗೇ ಶುರುವಾಗಲಿಲ್ಲ. ಹಾಗಾಗಿ ನಮ್ಮ ಕಡೆಯವರಿಗೆ ಮುಂಬೈ, ಹೈದರಾಬಾದ್, ಚೆನ್ನೈ. ದೇಶದಲ್ಲಿ ಅಮೆರಿಕದ ವೀಸಾ ಕೊಡುವ ಯಾವ ಊರಿನಲ್ಲಾದರೂ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬಹುದು. ಬೆರಳಚ್ಚು ಒಂದು ದಿನ, ಸಂದರ್ಶನ ಇನ್ನೊಂದು ದಿನ. ಲಾಡ್ಜಿನ ಖರ್ಚು ಹಿಡಿದುಕೊಳ್ಳಿ.

ಸಂದರ್ಶನ ನನ್ನದು ಎರಡು ನಿಮಿಷದ್ದು. ಗಂಡ ಏನು ಓದುತ್ತಾರೆ, ದುಡ್ಡು ಯಾರು ಕೊಡುತ್ತಾರೆ, ಮದುವೆ ಯಾವಾಗ ಆಯಿತು, ನೀವು ಅಲ್ಲಿ ಏನು ಮಾಡುತ್ತೀರಿ. ಮೊದಲನೆಯ ಪ್ರಶ್ನೆಗೆ ಉತ್ತರ ಕಲಿತುಕೊಂಡು ಹೋಗಿ. "ಏನೋ ಕೆಮಿಸ್ಟ್ರಿ" ಅಂದರೆ ಚೆನ್ನಾಗಿರಲ್ಲ, ಅಲ್ವಾ? ಕೊನೆಯ ಪ್ರಶ್ನೆಗೆ "ಕೆಲಸ ಹುಡುಕುತ್ತೇನೆ" ಅನ್ನುವಂತಿಲ್ಲ, ಯಾಕೆ ಅನ್ನುವುದು ಮುಂದೆ ಬರುತ್ತದೆ. ಇನ್ನೊಂದು ಮಾತು: 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು, ಅವರ ಡಿಪೆಂಡೆಂಟ್‌ಗಳು ಸೋಷಿಯಲ್ ಮೀಡಿಯಾ ಖಾತೆಗಳನ್ನು ಪಬ್ಲಿಕ್ ಮಾಡಿಡಬೇಕು. ಮದುವೆಯ ರೀಲ್ಸ್ ಅಧಿಕಾರಿಯೂ ನೋಡಬಹುದು. ನೋಡಲಿ ಬಿಡಿ.

ಹೆಜ್ಜೆ 3: ಊರಿನಲ್ಲೇ ಮುಗಿಸಬೇಕಾದ ಕೆಲಸ

ಹಲ್ಲು ತೋರಿಸಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅಲ್ಲಿಯ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹಲ್ಲು, ಕಣ್ಣು ಎರಡೂ ಬರುವುದಿಲ್ಲ, ಬೇರೆ ವಿಮೆ ಮಾಡಿಸಬೇಕು. ರೂಟ್ ಕೆನಾಲ್ ಇದ್ದರೆ ಇಲ್ಲೇ ಮಾಡಿಸಿ. ಎರಡು ಜೊತೆ ಕನ್ನಡಕ ಮಾಡಿಸಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿಯ ಸಮೇತ ಮೂರು ತಿಂಗಳಿನದು ಒಯ್ಯಿರಿ.

ಓದಿನ ಕಾಗದ. ಡಿಗ್ರಿ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡ್ ಅಷ್ಟೇ ಸಾಲದು. ಯುನಿವರ್ಸಿಟಿಯಿಂದ ಮುಚ್ಚಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಎರಡು ಮೂರು ಪ್ರತಿ ತೆಗೆಸಿ. ಬೆಳಗಾವಿಯ ರಾಣಿ ಚನ್ನಮ್ಮ ಇರಲಿ, ವಿಟಿಯು ಇರಲಿ, ಧಾರವಾಡದ ಕರ್ನಾಟಕ ಯುನಿವರ್ಸಿಟಿ ಇರಲಿ, ನೀವೇ ಹೋಗಿ ಕೌಂಟರಿನಲ್ಲಿ ನಿಂತರೆ ಆಗುವ ಕೆಲಸ ಅಮೆರಿಕದಿಂದ ತಮ್ಮನಿಗೆ ಫೋನ್ ಮಾಡಿ ಮಾಡಿಸುವುದಕ್ಕಿಂತ ಎಷ್ಟೋ ಸಲೀಸು. ನಾನು ತೆಗೆಸಿರಲಿಲ್ಲ. ನನ್ನ ತಮ್ಮ ಅದಕ್ಕಾಗಿ ನಾಲ್ಕು ಸಲ ಬಸ್ ಹತ್ತಿದ, ಇವತ್ತಿಗೂ ಅದನ್ನು ಹೇಳಿ ಕಾಡುತ್ತಾನೆ.

ಡ್ರೈವಿಂಗ್. ಕಾರು ಬರದಿದ್ದರೆ ಇಲ್ಲೇ ಕಲಿಯಿರಿ. ಲೈಸೆನ್ಸ್ ಇದ್ದರೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಜತೆಗಿರಬೇಕು.

ಮೊಬೈಲ್ ಸಿಮ್ ಬಿಡಬೇಡಿ. ಬ್ಯಾಂಕಿನ ಓಟಿಪಿ ಆ ನಂಬರಿಗೇ ಬರುವುದು. ಹೊರಡುವ ಮೊದಲು ರೋಮಿಂಗ್ ಆನ್ ಮಾಡಿಸಿ, ಚಿಕ್ಕ ರೀಚಾರ್ಜ್ ಹಾಕಿಸುತ್ತಾ ಇರಲು ಮನೆಯವರಿಗೆ ಹೇಳಿ. ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಓ (ಹೊರದೇಶದಲ್ಲಿರುವವರ) ಖಾತೆಗೆ ಬದಲಿಸುವ ಬಗ್ಗೆಯೂ ಬ್ಯಾಂಕಿನಲ್ಲಿ ಕೇಳಿ ಹೋಗಿ.

ಬ್ಯಾಗು. ಸಾಮಾನ್ಯವಾಗಿ 23 ಕಿಲೋದ ಎರಡು ಬ್ಯಾಗ್ ಬಿಡುತ್ತಾರೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ ಎಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಪುಡಿ ಜಾಸ್ತಿ ಇದ್ದರೆ ತಪಾಸಣೆಯಲ್ಲಿ ಬಿಚ್ಚಿಸುತ್ತಾರೆ. ಅಕ್ಕಿ ಒಯ್ಯುವಂತಿಲ್ಲ, ನಮ್ಮ ದೇಶದ ಅಕ್ಕಿಯಲ್ಲಿ ಖಪ್ರಾ ಅನ್ನುವ ಹುಳ ಬರುತ್ತದೆ ಅಂತ ತಡೆಯುತ್ತಾರೆ. ಮಾಂಸ, ಹಸಿ ಹಣ್ಣು, ತರಕಾರಿ, ಬಿತ್ತುವ ಬೀಜ ಬೇಡವೇ ಬೇಡ. ಹಾಲಿನ ಪದಾರ್ಥಕ್ಕೂ ತಕರಾರು ಬರಬಹುದು, ಹಾಗಾಗಿ ಬೆಳಗಾವಿ ಕುಂದಾ ಇಲ್ಲೇ ತಿಂದು ಹೋಗಿ, ಅಮೀನಗಡದ ಕರದಂಟು ಕಟ್ಟಿಸಿಕೊಳ್ಳಿ. ತಿನ್ನುವ ಸಾಮಾನು ಇದೆಯಾ ಅಂತ ಕೇಳಿದರೆ ಇದೆ ಅನ್ನಿ. ಮುಚ್ಚಿಟ್ಟರೆ ದಂಡ. ಹೇಳಿದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ.

ಮಿಕ್ಸರ್ ಒಯ್ಯಬೇಡಿ. ಅಲ್ಲಿಯ ಕರೆಂಟು 110-120 ವೋಲ್ಟ್. ನಮ್ಮದು 230. ನಮ್ಮ ಮಿಕ್ಸರ್ ಅಲ್ಲಿ ಮುಲುಕುತ್ತದೆ, ರುಬ್ಬುವುದಿಲ್ಲ. ಕುಕ್ಕರ್ ಒಯ್ಯಿರಿ.

ಹೆಜ್ಜೆ 4: ಮೊದಲ ಹತ್ತು ದಿನ

ಇಳಿದ ಮರುದಿನ ಐ-94, ಅಂದರೆ ನೀವು ದೇಶದೊಳಗೆ ಬಂದ ದಾಖಲೆ, ಪ್ರಿಂಟ್ ತೆಗೆಯಿರಿ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹೆಸರು, ಹುಟ್ಟಿದ ದಿನ, ಎಫ್-2, ಕೊನೆಯ ದಿನಾಂಕದ ಜಾಗದಲ್ಲಿ ಡಿ/ಎಸ್ (ಸ್ಟೇಟಸ್ ಇರುವವರೆಗೆ ಅಂತ ಅರ್ಥ) ಎಲ್ಲ ಸರಿ ಇದೆಯಾ ನೋಡಿ. ಯುನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ನೀವೂ ಹೋಗಿ, ಮುಖ ತೋರಿಸಿ. ಅಲ್ಲಿಯ ಸಲಹೆಗಾರರನ್ನು ಡಿಎಸ್‌ಓ ಅಂತಾರೆ. ಯಾವ ಅನುಮಾನ ಬಂದರೂ ಮೊದಲು ಅವರನ್ನೇ ಕೇಳಬೇಕು, ವಾಟ್ಸಾಪ್ ಗುಂಪನ್ನಲ್ಲ. ಮನೆ ಬದಲಿಸಿದರೆ ಹತ್ತು ದಿನದೊಳಗೆ ಅವರಿಗೆ ಹೊಸ ವಿಳಾಸ ತಿಳಿಸಬೇಕು. ಗಂಡಸರು ಇದನ್ನು ಮರೆಯುತ್ತಾರೆ, ನೀವು ನೆನಪಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ. "ಎಲ್ಲಾ ಒಂದೇ ಕಡೆ ಇರಲಿ" ಅಂತ ಯಾರೇ ಹೇಳಿದರೂ, ಆ ಒಂದು ಕಡೆ ನಿಮ್ಮ ಕೈಗೆ ಸಿಗುವ ಕಡೆಯೇ ಆಗಿರಲಿ. ಫೋಟೋ ತೆಗೆದು ಅಪ್ಪನಿಗೋ ತಮ್ಮನಿಗೋ ಕಳಿಸಿಡಿ. ಮನೆಯೊಳಗೆ ಹೊಡೆತ ಬಡಿತ ಇದ್ದರೆ ಅಲ್ಲಿಯ ತುರ್ತು ನಂಬರ್ 911ಕ್ಕೆ ಫೋನ್ ಮಾಡಬಹುದು. ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233. ವೀಸಾ ಗಂಡನ ಮೇಲೆ ನಿಂತಿದೆ ಅಂತ ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ಈ ಸಾಲು ನಿಮಗೆ ಬೇಕಾಗದೇ ಇರಲಿ, ಆದರೂ ನಂಬರ್ ಬರೆದಿಟ್ಟುಕೊಳ್ಳಿ.

ಹೆಜ್ಜೆ 5: ನಿಮ್ಮ ಹೆಸರಿನ ನಾಲ್ಕು ಕಾಗದ

ಲೈಬ್ರರಿ ಕಾರ್ಡು ಮೊದಲು. ಎಲ್ಲಕ್ಕಿಂತ ಸುಲಭ, ಪುಕ್ಕಟೆ. ಪಾಸ್‌ಪೋರ್ಟ್ ಮತ್ತು ವಿಳಾಸ ತೋರಿಸುವ ಒಂದು ಕಾಗದ ಸಾಕು. ಮನೆ ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರೂ ಇದ್ದರೆ ಅದೇ ವಿಳಾಸದ ಪುರಾವೆ. ಹಾಗಾಗಿ ಕರಾರು ಬರೆಯುವಾಗಲೇ ಹೆಸರು ಸೇರಿಸಿ. ನಮ್ಮದರಲ್ಲಿ ಇವರ ಹೆಸರು ಮಾತ್ರ ಇತ್ತು. ಬಾಡಿಗೆ ಆಫೀಸಿನವರಿಗೆ ಹೇಳಿ ಸೇರಿಸಲು ಮೂರು ವಾರ ಹಿಡಿಯಿತು. ಅಷ್ಟು ದಿನ ನಾನು ಆ ಮನೆಯಲ್ಲಿ ಇದ್ದೂ ಇಲ್ಲದವಳು.

ಎರಡನೆಯದು ಬ್ಯಾಂಕು. ಎಫ್-2ಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ, ಅದು ಕೆಲಸ ಮಾಡಲು ಅನುಮತಿ ಇದ್ದವರಿಗೆ. ಆದರೂ ಎಷ್ಟೋ ಬ್ಯಾಂಕುಗಳು ಪಾಸ್‌ಪೋರ್ಟ್ ನೋಡಿ ಖಾತೆ ತೆರೆಯುತ್ತವೆ. ಒಂದು ಕಡೆ ಇಲ್ಲ ಅಂದರೆ ಇನ್ನೊಂದು ಕಡೆ ಕೇಳಿ. ಜಂಟಿ ಖಾತೆ ಮಾಡಿಸಿ, ನಿಮ್ಮ ಹೆಸರಿನ ಡೆಬಿಟ್ ಕಾರ್ಡ್ ಪಡೆಯಿರಿ. ಪ್ರತಿ ಸಲ ತರಕಾರಿಗೆ "ಒಂದಿಷ್ಟು ದುಡ್ಡು ಕೊಡ್ರಿ" ಅಂತ ಕೇಳುವ ಪರಿಸ್ಥಿತಿ ಮೊದಲ ತಿಂಗಳಲ್ಲೇ ತಪ್ಪಬೇಕು. ಇದರ ಬಗ್ಗೆ ಮಾತಾಡಲು ಮುಜುಗರ ಅನಿಸುತ್ತದೆ, ಗೊತ್ತು. ವಿಮಾನ ಹತ್ತುವ ಮೊದಲೇ ಮಾತಾಡಿಕೊಂಡರೆ ಅಷ್ಟು ಮುಜುಗರವಿಲ್ಲ.

ಮೂರನೆಯದು ಯುನಿವರ್ಸಿಟಿಯ ಸ್ಪೌಸ್ ಕಾರ್ಡ್. ಬಹಳ ಕಡೆ ಕೊಡುತ್ತಾರೆ. ಅದಿದ್ದರೆ ಜಿಮ್, ಲೈಬ್ರರಿ, ಕೆಲವು ಕಡೆ ಬಸ್ಸು.

ನಾಲ್ಕನೆಯದು ಡ್ರೈವಿಂಗ್ ಲೈಸೆನ್ಸ್. ಇದು ದೊಡ್ಡದು. ಚಿಕ್ಕ ಯುನಿವರ್ಸಿಟಿ ಊರುಗಳಲ್ಲಿ ಕಾರಿಲ್ಲದೆ ಹಾಲಿಗೂ ಹೋಗಲು ಬರುವುದಿಲ್ಲ. ನಿಯಮ ರಾಜ್ಯಕ್ಕೊಂದು. ಹಲವು ರಾಜ್ಯಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ "ಇವರಿಗೆ ನಂಬರ್ ಕೊಡಲು ಬರುವುದಿಲ್ಲ" ಅನ್ನುವ ಪತ್ರ ತರಲು ಹೇಳುತ್ತಾರೆ. ಇಲ್ಲ ಅನ್ನಿಸಿಕೊಳ್ಳಲೂ ಸಾಲಿನಲ್ಲಿ ನಿಲ್ಲಬೇಕು! ಆ ಪತ್ರ, ಪಾಸ್‌ಪೋರ್ಟ್, ಐ-20, ಐ-94, ವಿಳಾಸದ ಪುರಾವೆ ಒಯ್ದರೆ ಮೊದಲು ಬರೆಯುವ ಪರೀಕ್ಷೆ, ಆಮೇಲೆ ಓಡಿಸುವ ಪರೀಕ್ಷೆ.

ಓಡಿಸುವಾಗ ನಮ್ಮವರು ಎಡವುವುದು ಮೂರು ಕಡೆ. ಸ್ಟಾಪ್ ಫಲಕದ ಮುಂದೆ ನಿಧಾನ ಮಾಡಿದರೆ ಸಾಲದು, ಯಾರೂ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ನಾಲ್ಕೂ ಕಡೆ ಸ್ಟಾಪ್ ಇರುವ ಕೂಡುರಸ್ತೆಯಲ್ಲಿ ಮೊದಲು ಬಂದವರು ಮೊದಲು ಹೋಗುತ್ತಾರೆ. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರಷ್ಟೇ ಅಲ್ಲ, ನಡುವೆ ವಿಭಜಕ ಇಲ್ಲದ ರಸ್ತೆಯಲ್ಲಿ ಎದುರಿಗೆ ಬರುವವರೂ ನಿಲ್ಲಬೇಕು. ಬಾಗಲಕೋಟೆಯ ಬಸ್‌ಸ್ಟ್ಯಾಂಡ್ ಮುಂದೆ ಗಾಡಿ ಹೊಡೆದವಳು ನಾನು, ಏನೂ ಕಷ್ಟವಾಗಲ್ಲ ಅಂದುಕೊಂಡಿದ್ದೆ. ಮೊದಲ ಪರೀಕ್ಷೆಯಲ್ಲಿ ಸ್ಟಾಪ್ ಫಲಕದಲ್ಲೇ ಫೇಲು.

ಎರಡನೆಯ ಸಲ ಪಾಸಾಯಿತು. ಕಾರ್ಡಿನಲ್ಲಿ ಎಫ್‌ಎನ್‌ಯು ಇತ್ತು, ಆದರೂ ಫೋಟೋ ನನ್ನದೇ.

ಹೆಜ್ಜೆ 6: ಆಸ್ಪತ್ರೆ

ವಿದ್ಯಾರ್ಥಿಗೆ ಯುನಿವರ್ಸಿಟಿ ವಿಮೆ ಕೊಡುತ್ತದೆ ಅಥವಾ ಕಡಿಮೆಗೆ ಸಿಗುತ್ತದೆ. ಹೆಂಡತಿಯದು ನಾವೇ ಕಟ್ಟಬೇಕು, ಅದು ಭಾರಿ. ಅದಕ್ಕೇ "ಒಂದು ವರ್ಷ ಬಿಡೋಣ, ಗಟ್ಟಿಮುಟ್ಟಾಗಿದ್ದೀಯಲ್ಲ" ಅನ್ನುವ ಮಾತು ಬರುತ್ತದೆ. ಬಿಡಬೇಡಿ. ಕಡಿಮೆ ಬೆಲೆಯ ಪಾಲಿಸಿಗಳಲ್ಲಿ ಹೆರಿಗೆ ಸೇರಿದೆಯಾ, ಮೊದಲೇ ಇದ್ದ ಕಾಯಿಲೆ ಸೇರಿದೆಯಾ ಓದಿ ನೋಡಿ.

ಡಿಡಕ್ಟಿಬಲ್ ಅನ್ನುವ ಪದ ಕಲಿಯಿರಿ. ವಿಮೆಯವರು ಕೈ ಹಾಕುವ ಮೊದಲು ನಾವು ಕಟ್ಟಬೇಕಾದ ಮೊತ್ತ ಅದು. ಗಣಿತದ ಟೀಚರು, ಲೆಕ್ಕ ಮಾಡಿ ತೋರಿಸುತ್ತೇನೆ. ಡಿಡಕ್ಟಿಬಲ್ 500 ಡಾಲರ್, ಆಮೇಲಿನದರಲ್ಲಿ ನಮ್ಮ ಪಾಲು ಶೇ. 20 ಅಂತಿರಲಿ. ಬಿಲ್ಲು 2500 ಆದರೆ ಮೊದಲ 500 ನಮ್ಮದು. ಉಳಿದ 2000ದಲ್ಲಿ ಶೇ. 20, ಅಂದರೆ 400. ಒಟ್ಟು 900 ನಮ್ಮ ಜೇಬಿನಿಂದ. ವಿಮೆ ಇದ್ದೂ.

ಹೋಗಿ ಮೂರನೇ ತಿಂಗಳಿಗೆ ರಾತ್ರಿ ಹೊಟ್ಟೆನೋವು ಬಂತು. ಗಾಬರಿಯಾಗಿ ಎಮರ್ಜೆನ್ಸಿಗೆ ಓಡಿದೆವು. ನಾಲ್ಕು ತಾಸು ಕೂರಿಸಿ, ಸ್ಕ್ಯಾನ್ ಮಾಡಿ, ಗ್ಯಾಸು ಅಂದರು. ಅವ್ವ ಇದ್ದಿದ್ದರೆ ಒಂದು ಚಮಚ ಅಜವಾನ ಕೊಡುತ್ತಿದ್ದಳು. ತಿಂಗಳ ಮೇಲೆ ಒಂದರ ಹಿಂದೆ ಒಂದು ಮೂರು ಲಕೋಟೆ ಬಂದವು. ಆಸ್ಪತ್ರೆಯದು ಬೇರೆ, ಡಾಕ್ಟರದು ಬೇರೆ, ಲ್ಯಾಬಿನದು ಬೇರೆ. ಆಗ ಕಲಿತದ್ದು: ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಎಮರ್ಜೆನ್ಸಿ. ಜ್ವರ, ಉಳುಕು, ಹೊಟ್ಟೆ ಕೆಟ್ಟದ್ದು ಇದಕ್ಕೆಲ್ಲ ಅರ್ಜೆಂಟ್ ಕೇರ್ ಅನ್ನುವ ಕ್ಲಿನಿಕ್ಕುಗಳಿವೆ, ಖರ್ಚು ಬಹಳ ಕಡಿಮೆ. ವಿಮೆಯ ಕಾರ್ಡಿನ ಹಿಂದೆ ನರ್ಸ್ ಲೈನ್ ನಂಬರ್ ಇದ್ದರೆ ಮೊದಲು ಅಲ್ಲಿಗೆ ಫೋನ್ ಮಾಡಿ.

ಬಿಲ್ಲು ಬಂದ ಕೂಡಲೇ ಕಟ್ಟಬೇಡಿ. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದ ಬಿಲ್ಲು ಕೇಳಿ. ಲಾಭಕ್ಕಲ್ಲದ ಆಸ್ಪತ್ರೆಗಳು ಕಡಿಮೆ ಆದಾಯದವರಿಗೆ ಸಹಾಯ ಮಾಡುವ ಯೋಜನೆ ಇಟ್ಟುಕೊಂಡಿರಲೇಬೇಕು ಅಂತ ಕಾನೂನಿದೆ. ಅರ್ಜಿ ಕೇಳಿ ತುಂಬಿ. ನಾವು ತುಂಬಿದೆವು. ಆಸ್ಪತ್ರೆಯ ಲಕೋಟೆಯ ಅರ್ಧ ಬಿಟ್ಟರು.

ಹೆಜ್ಜೆ 7: ಅಡುಗೆಮನೆ, ಅಂದರೆ ರೊಟ್ಟಿ

ಇದನ್ನು ಚಿಕ್ಕದಾಗಿ ಹೇಳಿ ಮುಗಿಸಲು ನನ್ನಿಂದಾಗದು.

ಕನ್ಸಾಸ್ ಅಮೆರಿಕದಲ್ಲೇ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ. ಮೊದಲ ಶರತ್ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ಹೊಲ ನೋಡಿ ಕಣ್ಣು ತುಂಬಿ ಬಂದಿತ್ತು. ಗಿಡ್ಡ ಗಿಡ, ಮೇಲೆ ಕೆಂಪು ತೆನೆ. ಅಲ್ಲಿಯ ರೈತರು ಅದನ್ನು ಮೈಲೋ ಅಂತಾರೆ. ತಿನ್ನುತ್ತಾರಾ ಅಂತ ಕೇಳಿದೆ. ಹೆಚ್ಚಿನದೆಲ್ಲ ದನಕ್ಕೆ ಮತ್ತು ಎಥನಾಲ್‌ಗೆ ಹೋಗುತ್ತದೆ ಅಂದರು. ನಮ್ಮ ವಿಜಯಪುರ ಕಡೆಯ ಬಿಳಿ ಮಾಲದಂಡಿಗೆ ಇದನ್ನು ಹೋಲಿಸುವುದು ಬೇಡ, ಆದರೂ ಊಟದ ಕಾಳು ಎದುರಿಗೇ ಬೆಳೆಯುತ್ತಿರುವಾಗ ಮನೆಯಲ್ಲಿ ಮೈದಾ ಬ್ರೆಡ್ಡು ತಿನ್ನುವುದು ಎಂಥ ಕರ್ಮ!

ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಸಾಮಾನ್ಯ ಅಮೆರಿಕನ್ ಅಂಗಡಿಯಲ್ಲೂ ಸಿಗುತ್ತದೆ, ಅಲ್ಲಿ ಸೋರ್ಗಮ್ ಫ್ಲೋರ್ ಅಂತ ಹುಡುಕಿ. ಹಿಟ್ಟು ಹಳೆಯದಾಗಿದ್ದರೆ ಜಿಗಿ ಇರಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ಹಾಗಿದ್ದರೆ ಎಸರು ಚೆನ್ನಾಗಿ ಕುದಿಯುವುದನ್ನೇ ಹಿಟ್ಟಿಗೆ ಹಾಕಿ, ಐದು ನಿಮಿಷ ಮುಚ್ಚಿಟ್ಟು ಬಿಸಿಯಿದ್ದಾಗಲೇ ನಾದಿ. ತಂದ ಹಿಟ್ಟನ್ನು ಫ್ರೀಜರಿನಲ್ಲಿಡಿ.

ಇನ್ನು ಮೂರು ತೊಡಕು. ಒಂದು, ಅಲ್ಲಿಯ ಮನೆಗಳು ಕಟ್ಟಿಗೆಯವು. ಬೆಳಿಗ್ಗೆ ಆರಕ್ಕೆ ಕಟ್ಟೆಯ ಮೇಲೆ ಪಟಪಟ ರೊಟ್ಟಿ ಬಡಿದರೆ ಕೆಳಗಿನ ಮನೆಯವರಿಗೆ ಸುತ್ತಿಗೆ ಹೊಡೆದ ಹಾಗೆ ಕೇಳುತ್ತದೆ. ನಮ್ಮ ಕೆಳಗಿನ ಮನೆಯ ಅಜ್ಜ ಮೂರನೇ ದಿನ ಬಂದು, ಪಾಪ ಬಹಳ ಮರ್ಯಾದೆಯಿಂದ, ಮನೆಯಲ್ಲಿ ಏನಾದರೂ ರಿಪೇರಿ ನಡೆದಿದೆಯಾ ಅಂತ ಕೇಳಿದರು. ಒಂದು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಅಂದಿನಿಂದ ದಪ್ಪ ಟವೆಲ್ ಮಡಚಿ ಪರಾತದ ಕೆಳಗೆ ಹಾಕುತ್ತೇನೆ, ಎಂಟು ಗಂಟೆಯ ಮೇಲೆ ಬಡಿಯುತ್ತೇನೆ.

ಎರಡು, ಹೊಗೆ ಅಲಾರಾಂ. ಹಂಚು ಕಾದು ಹಿಟ್ಟು ಸ್ವಲ್ಪ ಸೀದರೆ ಇಡೀ ಮನೆ ಕಿರುಚುತ್ತದೆ. ಕಿಟಕಿ ತೆಗೆಯಿರಿ, ಒಲೆಯ ಮೇಲಿನ ಫ್ಯಾನ್ ಹಾಕಿ, ಪ್ರತಿ ರೊಟ್ಟಿಯ ನಂತರ ಹಂಚಿನ ಒಣ ಹಿಟ್ಟನ್ನು ಬಟ್ಟೆಯಿಂದ ಒರೆಸಿ. ಅಲಾರಾಮಿನ ಬ್ಯಾಟರಿ ಮಾತ್ರ ತೆಗೆಯಬೇಡಿ. ಮೂರು, ಬಹಳ ಮನೆಗಳಲ್ಲಿ ಉರಿ ಇಲ್ಲ, ಎಲೆಕ್ಟ್ರಿಕ್ ಒಲೆ. ನೀರು ಸವರಿ, ಮಗುಚಿ, ಕಡೆಗೆ ಒಲೆಯ ಸುರುಳಿಯ ಮೇಲೆ ತಂತಿಜಾಲರಿ ಇಟ್ಟು ಅದರ ಮೇಲೆ ಹಾಕಿದರೆ ಉಬ್ಬುತ್ತದೆ. ಗಾಜಿನ ಮೇಲ್ಮೈ ಒಲೆಯಾದರೆ ಹಂಚಿನ ಮೇಲೇ ಬಟ್ಟೆಯಿಂದ ಒತ್ತಿ ಒತ್ತಿ ಉಬ್ಬಿಸಬೇಕು.

ಹೆಜ್ಜೆ 8: ಕೆಲಸ, ಓದು

ಎಫ್-2ನಲ್ಲಿ ದುಡಿಯುವಂತಿಲ್ಲ. ಇಷ್ಟೇ ಅಂತಲ್ಲ, ಒಟ್ಟೂ ಇಲ್ಲ. ಮಗು ನೋಡಿಕೊಂಡು ನಗದು ತೆಗೆದುಕೊಳ್ಳುವುದೂ ಕೆಲಸವೇ, ವಿದ್ಯಾರ್ಥಿಗಳಿಗೆ ಡಬ್ಬಿ ಕಟ್ಟಿ ದುಡ್ಡು ಪಡೆಯುವುದೂ ಕೆಲಸವೇ. ನನ್ನ ಚಟ್ನಿಪುಡಿ ತಿಂದ ಹುಡುಗರು "ಅಕ್ಕಾ, ಡಬ್ಬಕ್ಕೆ ಹತ್ತು ಡಾಲರ್ ಕೊಡ್ತೀವಿ" ಅಂದಾಗ ಕೈ ಜುಮ್ ಅಂದಿತ್ತು. ಸುಮ್ನೆ ಕೊಟ್ಟೆ, ದುಡ್ಡು ಮುಟ್ಟಲಿಲ್ಲ. ಹತ್ತು ಡಾಲರಿಗೆ ವೀಸಾ ಸ್ಟೇಟಸ್ ಕಳೆದುಕೊಂಡರೆ ಮುಂದಿನ ಪ್ರತಿ ವೀಸಾಕ್ಕೂ ಅದು ಅಡ್ಡ ಬರುತ್ತದೆ. ಭಾರತದ ಕಂಪನಿಗೆ ಮನೆಯಿಂದ ಕೆಲಸ ಮಾಡುವುದು ಕೂಡ "ಎಲ್ಲರೂ ಮಾಡ್ತಾರೆ" ಅನ್ನುವಷ್ಟು ಸರಳವಲ್ಲ. ವಲಸೆ ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಮಾಡಬಹುದಾದದ್ದು ಏನು? 2015ರಿಂದ ಎಫ್-2 ಸಂಗಾತಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಪಾರ್ಟ್-ಟೈಮ್ ಆಗಿ, ಡಿಗ್ರಿಯ ಕೋರ್ಸನ್ನೂ ಓದಬಹುದು. ಪೂರ್ಣಾವಧಿ ಓದಬೇಕಾದರೆ ನಿಮ್ಮದೇ ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಬೇಕು. ಕಮ್ಯುನಿಟಿ ಕಾಲೇಜಿನಲ್ಲಿ ಫೀಸು ಯುನಿವರ್ಸಿಟಿಗಿಂತ ಬಹಳ ಕಡಿಮೆ. ನಾನು ಎರಡನೇ ಸೆಮಿಸ್ಟರಿಗೆ ಅಂಕಿಅಂಶ ಶಾಸ್ತ್ರದ ಒಂದೇ ಒಂದು ಕೋರ್ಸು ಹಿಡಿದೆ. ಎಷ್ಟೋ ವರ್ಷದ ಮೇಲೆ ನನಗೆ ಮತ್ತೆ ಪರೀಕ್ಷೆಯ ಹಿಂದಿನ ರಾತ್ರಿ ಬಂತು. ಆಹಾರ ಹಂಚುವ ಕೇಂದ್ರ, ಲೈಬ್ರರಿ, ಶಾಲೆಗಳಲ್ಲಿ ಸ್ವಯಂಸೇವೆ ಮಾಡಬಹುದು, ಆದರೆ ಅದು ಬೇರೆಯವರೂ ಪುಕ್ಕಟೆ ಮಾಡುವ ಕೆಲಸವೇ ಆಗಿರಬೇಕು.

ನಿಮ್ಮವರು ಜೆ-1, ಅಂದರೆ ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ ಹೋಗುತ್ತಿದ್ದರೆ ನೀವು ಜೆ-2. ಆಗ ಐ-765 ಅರ್ಜಿ ಹಾಕಿ ಕೆಲಸದ ಅನುಮತಿ ಪಡೆಯಬಹುದು. ಜೆ-1ನಲ್ಲಿ ಕೆಲವರಿಗೆ ಎರಡು ವರ್ಷ ಸ್ವದೇಶಕ್ಕೆ ಮರಳುವ ಶರತ್ತು ಇರುತ್ತದೆ, ನೋಡಿಕೊಳ್ಳಿ. ಇನ್ನೂ ದೇಶ ಆರಿಸುತ್ತಿರುವವರಿಗೆ ಒಂದು ಮಾತು. ಜರ್ಮನಿಯಲ್ಲಿ ಸಂಗಾತಿಗೆ ದುಡಿಯಲು ಬಿಡುತ್ತಾರೆ, ಆದರೆ ಸಾಮಾನ್ಯವಾಗಿ ಹೋಗುವ ಮೊದಲೇ ಎ1 ಮಟ್ಟದ ಜರ್ಮನ್ ಕೇಳುತ್ತಾರೆ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಪಿಎಚ್‌ಡಿಯಂಥ ಸಂಶೋಧನೆಯ ಕೋರ್ಸಿನವರು ಮತ್ತು ಸರ್ಕಾರಿ ಸ್ಕಾಲರ್‌ಶಿಪ್ಪಿನವರು ಮಾತ್ರ ಕುಟುಂಬ ಒಯ್ಯಬಹುದು. ಕೆನಡಾದಲ್ಲಿ 2025ರ ಜನವರಿಯಿಂದ ಸಂಗಾತಿಯ ಕೆಲಸದ ಪರ್ಮಿಟ್ ಬಿಗಿಯಾಗಿದೆ, ಪಿಎಚ್‌ಡಿಯವರ ಸಂಗಾತಿಗೆ ಇನ್ನೂ ಇದೆ. ಐದು ವರ್ಷದ ಪಿಎಚ್‌ಡಿ ಅಂದರೆ ನಿಮ್ಮ ಬದುಕಿನದೂ ಐದು ವರ್ಷ. ಯುನಿವರ್ಸಿಟಿ ರ‍್ಯಾಂಕ್ ನೋಡುವಾಗ ಇದನ್ನೂ ನೋಡಿ.

ಒಂದು ಚಿಕ್ಕ ಕಾಗದ ಮರೆಯಬೇಡಿ. ಗಳಿಕೆ ಇಲ್ಲದಿದ್ದರೂ ಎಫ್-2ನಲ್ಲಿರುವವರು ಪ್ರತಿ ವರ್ಷ ತೆರಿಗೆ ಇಲಾಖೆಯ ಫಾರ್ಮ್ 8843 ತುಂಬಿ ಜೂನ್ 15ರೊಳಗೆ ಅಂಚೆಯಲ್ಲಿ ಕಳಿಸಬೇಕು.

ಹೆಜ್ಜೆ 9: ಹಗಲು

ಇವರು ಬೆಳಿಗ್ಗೆ ಎಂಟಕ್ಕೆ ಲ್ಯಾಬಿಗೆ ಹೋದರೆ ರಾತ್ರಿ ಎಂಟು. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲು. ಆಗ ಊರಿನಲ್ಲಿ ಎಲ್ಲರೂ ಮಲಗಿರುತ್ತಾರೆ. ಮೊದಲ ಚಳಿಗಾಲದಲ್ಲಿ ನಾನು ದಿನವಿಡೀ ಇವರ ಕ್ಯಾಲೆಂಡರಿನಲ್ಲೇ ಬದುಕಿದೆ. ಇವರ ಪರೀಕ್ಷೆ ನನ್ನ ಪರೀಕ್ಷೆ, ಇವರ ಗೈಡಿನ ಸಿಟ್ಟು ನನ್ನ ತಲೆನೋವು.

ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಒಮ್ಮೆ ಫೋನಿನಲ್ಲಿ ತನ್ನ ಕತೆ ಹೇಳಿದಳು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋಗಿ ನವನಗರಕ್ಕೆ ಬಂದಾಗ ಅವಳಿಗೆ ಓಣಿಯೂ ಇಲ್ಲ, ಕಟ್ಟೆಯೂ ಇಲ್ಲ, ಬರೀ ಸೆಕ್ಟರ್ ನಂಬರ್. "ಒಂದ್ ತಿಂಗಳ ಬಾಗಲಾ ತಗದ ಕುಂತೆ, ಯಾರೂ ಬರ್ಲಿಲ್ಲ. ಆಮ್ಯಾಲೆ ನಾನ ಎದ್ದ ಹೋದೆ, ಮಜ್ಜಿಗಿ ಹೆಪ್ಪ ಕೇಳಾಕ" ಅಂದಳು. ಮನೆಯಲ್ಲಿ ಹೆಪ್ಪು ಇತ್ತಂತೆ.

ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಇಂಗ್ಲಿಷ್ ಮಾತಾಡುವ ಗುಂಪು ಸೇರುತ್ತದೆ, ಪುಕ್ಕಟೆ. ಬಹಳ ಯುನಿವರ್ಸಿಟಿಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಗಾತಿಗಳದೇ ಗುಂಪು ಇದೆ. ಇಂಗ್ಲಿಷ್ ಬಂದರೂ ಹೋಗಿ. ಅಲ್ಲಿ ಸಿಕ್ಕ ಕೊರಿಯಾದ, ಇರಾನಿನ ಹೆಂಗಸರ ಕತೆಯೂ ನಮ್ಮದೇ ಕತೆ. ವಾರದಲ್ಲಿ ಎರಡು ದಿನವಾದರೂ ಮನೆಯಿಂದ ಹೊರಗೆ, ಹೊತ್ತು ಗೊತ್ತಿರುವ ಕೆಲಸ ಇಟ್ಟುಕೊಳ್ಳಿ. ಊರಿಗೆ ಫೋನು ದಿನಕ್ಕೆ ಒಂದೇ ಸಲ. ಬಾಗಲಕೋಟೆಯಲ್ಲಿ ಬೆಳಿಗ್ಗೆ ಏಳು ಅಂದರೆ ಕನ್ಸಾಸಿನಲ್ಲಿ ಚಳಿಗಾಲಕ್ಕೆ ಹಿಂದಿನ ಸಂಜೆ ಏಳೂವರೆ, ಬೇಸಿಗೆಗೆ ಎಂಟೂವರೆ. ಅವ್ವ ಚಹಾ ಕುಡಿಯುವ ಹೊತ್ತಿಗೆ ನಮ್ಮ ಊಟ. ವಾರಗಟ್ಟಲೆ ನಿದ್ದೆ ಬಾರದೆ, ಏನೂ ಬೇಡ ಅನ್ನಿಸಿದರೆ ಯುನಿವರ್ಸಿಟಿಯ ಕೌನ್ಸೆಲಿಂಗ್ ಕೇಂದ್ರ ಸಂಗಾತಿಗಳನ್ನು ನೋಡುತ್ತದಾ ಕೇಳಿ. ತೀರಾ ಕಷ್ಟವಾದರೆ ಮನಸ್ಸಿನ ಸಂಕಟಕ್ಕೆ ಇರುವ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಕನ್ಸಾಸಿನಂಥ ಕಡೆ ಸುಂಟರಗಾಳಿಯ ಸೈರನ್ ಆಗಾಗ ಪರೀಕ್ಷೆಗೆ ಕೂಗುತ್ತದೆ. ಆಕಾಶ ತಿಳಿಯಾಗಿದ್ದರೆ ಗಾಬರಿಯಾಗಬೇಡಿ. ಏಪ್ರಿಲಿನಿಂದ ಜೂನ್‌ವರೆಗೆ ಮೋಡ ಕಟ್ಟಿದಾಗ ಕೂಗಿದರೆ ನೆಲಮಾಳಿಗೆಗೆ, ಇಲ್ಲವೇ ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ.

ಹೆಜ್ಜೆ 10: ಊರಿಗೆ ಬರುವ ಮೊದಲು

ಟಿಕೆಟ್ ತೆಗೆಯುವ ಮೊದಲು ನಿಮ್ಮ ಐ-20ಯ ಎರಡನೇ ಪುಟ ತೆಗೆದು ನೋಡಿ. ಅಲ್ಲಿ ಡಿಎಸ್‌ಓ ಸಹಿ ಇರಬೇಕು, ಮರಳಿ ಹೋಗುವ ದಿನಕ್ಕೆ ಅದು ಒಂದು ವರ್ಷ ದಾಟಿರಬಾರದು. ಗಂಡನದು ಬೇರೆ, ನಿಮ್ಮದು ಬೇರೆ ಸಹಿ. ಪಾಸ್‌ಪೋರ್ಟಿನ ವೀಸಾ ಮುಗಿದಿದ್ದರೆ ಇಲ್ಲಿ ಮತ್ತೆ ಸ್ಟ್ಯಾಂಪಿಂಗ್ ಮಾಡಿಸಿಯೇ ಮರಳಬೇಕು. ಒಬ್ಬರೇ ಬರುತ್ತಿದ್ದರೆ ಗಂಡನ ಐ-20 ಪ್ರತಿ, ಅವರು ಈ ಸೆಮಿಸ್ಟರ್ ಓದುತ್ತಿದ್ದಾರೆ ಅನ್ನುವ ಪತ್ರ, ಮದುವೆ ಪ್ರಮಾಣಪತ್ರ ಜತೆಗಿರಲಿ. ನಾನು ಈ ಸಲ ಒಬ್ಬಳೇ ಬಂದೆ. ಪಾಸ್‌ಪೋರ್ಟೂ ಸರಿಮಾಡಿಸಿದೆ, ಈಗ ಹೆಸರು ಎರಡು ಸಾಲಿನಲ್ಲಿದೆ.

ಆ ಹುಡುಗಿಯ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಸಾಲು ಖಾಲಿಯೇ ಇತ್ತು. ಮರುವಾರ ಹುಬ್ಬಳ್ಳಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಬಂದವಳೇ ಚೀಟಿ ತೋರಿಸಿ, "ಈಗರ ಹೇಳ್ರಿ ಅಕ್ಕಾ, ಹಂಚು?" ಅಂದಳು.

ಒಯ್ಯಿ ಅಂದೆ. ಅಲ್ಲಿ ಬೀಡುಕಬ್ಬಿಣದ ಬಾಣಲೆ ಅಗ್ಗಕ್ಕೆ ಸಿಗುತ್ತವೆ, ಆದರೆ ಸುತ್ತ ಅಂಚು ಇರುವುದರಿಂದ ರೊಟ್ಟಿ ಮಗುಚಲು ಬರುವುದಿಲ್ಲ. ಎರಡು ಕಿಲೋ ಹೋಗುತ್ತದೆ, ಎರಡು ಸೀರೆ ತೆಗೆದಿಡು. ಚೆಕ್-ಇನ್ ಬ್ಯಾಗಿನ ತಳಕ್ಕೆ ಇಡು, ಕೈಚೀಲದಲ್ಲಿಟ್ಟರೆ ತಪಾಸಣೆಯವರು ಹಂಚು ಹಿಡಿದುಕೊಂಡು ಇದೇನು ಅಂತ ಕೇಳುತ್ತಾರೆ.